ಮನೆಯ ವಿದ್ಯುತ್ತು: ವೋಲ್ಟೇಜು, ಕರೆಂಟು ಮತ್ತು ಅಪಾಯ

ಭಾರತದ ಮನೆಗಳಿಗೆ ಬರುವುದು 230 ವೋಲ್ಟಿನ, 50 ಹರ್ಟ್ಜ್‌ನ ಎಸಿ ವಿದ್ಯುತ್ತು. 1000 ವೋಲ್ಟಿನವರೆಗಿನ ಎಸಿಯನ್ನು ಅಂತರರಾಷ್ಟ್ರೀಯ ಮಾನಕಗಳು ಕಡಿಮೆ ವೋಲ್ಟೇಜಿನ ವರ್ಗಕ್ಕೇ ಸೇರಿಸುತ್ತವೆ. ಈ ವಿಂಗಡಣೆ ಉಪಕರಣಗಳಿಗಾಗಿ ಮಾಡಿದ್ದು. ಮನುಷ್ಯನ ಮೈಗೆ 230 ವೋಲ್ಟು ಧಾರಾಳವಾಗಿ ಸಾಕು. ಏಕೆಂದರೆ ಪ್ರಾಣ ತೆಗೆಯಲು ಬೇಕಾದ ಕರೆಂಟು ತೀರ ಅಲ್ಪ. ಸುಮಾರು 1 ಮಿಲಿಆಂಪಿಯರ್ ಹರಿದರೆ ಮೈ ಜುಮ್ಮೆನ್ನುತ್ತದೆ. 10ರ ಆಸುಪಾಸಿನಲ್ಲಿ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಬೇಕೆಂದರೂ ಬಿಡಲಾಗುವುದಿಲ್ಲ. 30 ದಾಟಿತೆಂದರೆ ಉಸಿರಾಟಕ್ಕೆ ಕುತ್ತು. ಇನ್ನೂ ಏರಿ ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯ ಲಯ ತಪ್ಪಿ ಅದುರತೊಡಗುತ್ತದೆ, ರಕ್ತ ಮುಂದಕ್ಕೆ ಹೋಗುವುದಿಲ್ಲ. 9 ವಾಟಿನ ಎಲ್‌ಇಡಿ ಬಲ್ಬು ಉರಿಯಲು ಬೇಕಾಗುವ ಕರೆಂಟೇ ಸುಮಾರು 40 ಮಿಲಿಆಂಪಿಯರ್.

ಹಾಗಾದರೆ ಕೊಲ್ಲುವುದು ಕರೆಂಟು, ವೋಲ್ಟೇಜಲ್ಲ ಎನ್ನುವವರಿದ್ದಾರೆ. ಈ ಮಾತು ಅರ್ಧ ಸತ್ಯ, ಆದ್ದರಿಂದಲೇ ಅಪಾಯಕಾರಿ. ಕರೆಂಟನ್ನು ಮೈಯೊಳಗೆ ನೂಕುವುದು ವೋಲ್ಟೇಜೇ. ಎಷ್ಟು ಹರಿಯಬೇಕೆಂಬುದನ್ನು ಮೈಯ ರೋಧ ನಿರ್ಧರಿಸುತ್ತದೆ. ಇದು ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. ಚರ್ಮ ಒದ್ದೆಯಾದರೆ ಇಡೀ ಮೈಯ ರೋಧ ಸಾವಿರ ಓಮಿನ ಹತ್ತಿರಕ್ಕೆ ಇಳಿಯುತ್ತದೆ. ಆಗ 230 ವೋಲ್ಟು ಹರಿಸುವುದು 230 ಮಿಲಿಆಂಪಿಯರ್. ನೂರಾರು ಆಂಪಿಯರ್ ಕೊಡಬಲ್ಲ ಕಾರಿನ ಬ್ಯಾಟರಿಯನ್ನು ಒಣಗೈಯಲ್ಲಿ ಮುಟ್ಟಿದರೆ ಏನೂ ಆಗುವುದಿಲ್ಲವಲ್ಲ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ: 12 ವೋಲ್ಟಿಗೆ ಚರ್ಮ ದಾಟುವ ಬಲವಿಲ್ಲ. ಆದರೆ ಅದೇ ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ತಗುಲಿದರೆ ಕಿಡಿ ಹಾರಿ ಲೋಹ ಕಾಯುತ್ತದೆ, ಬೆರಳಿನ ಉಂಗುರ ಸುಡುತ್ತದೆ. ಇನ್ನು ನೈಲಾನ್ ಬಟ್ಟೆ ಕಳಚುವಾಗ ಚಟಪಟ ಎನ್ನುವ ಸ್ಥಾಯಿ ವಿದ್ಯುತ್ತು ಸಾವಿರಾರು ವೋಲ್ಟಿನದು. ಅದರಲ್ಲಿರುವ ವಿದ್ಯುದಾವೇಶ ಕ್ಷಣದೊಳಗೆ ಮುಗಿದುಹೋಗುವುದರಿಂದ ಚುರುಕೆನ್ನುವುದಷ್ಟೇ.

ಮನೆಯಲ್ಲಿ ಫ್ಯೂಸು, ಎಂಸಿಬಿ ಇದೆ ಎಂಬ ಧೈರ್ಯಕ್ಕೂ ಬುಡವಿಲ್ಲ. 6 ಆಂಪಿಯರಿನ ಎಂಸಿಬಿ ತಂತಿ ಕಾಯದಂತೆ ನೋಡಿಕೊಳ್ಳುತ್ತದೆ. ಮನುಷ್ಯನ ಮೂಲಕ ಹರಿಯುವ ಕಾಲು ಆಂಪಿಯರ್ ಅದರ ಗಮನಕ್ಕೇ ಬರುವುದಿಲ್ಲ. ಬಕೆಟ್ಟಿನಲ್ಲಿ ಕಾಯಿಲ್ ಇಳಿಬಿಟ್ಟು, ನೀರು ಕಾದಿದೆಯೇ ಎಂದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬೆರಳು ಅದ್ದುವವರಿಗೆ ಎಂಸಿಬಿಯಿಂದ ರಕ್ಷಣೆಯಿಲ್ಲ. ರಕ್ಷಣೆ ಕೊಡಬಲ್ಲದ್ದು ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದೂ ಉಳಿಸದು, ನಿಜ. ಆದರೆ ಮೈಯಿಂದ ನೆಲಕ್ಕೆ ಕರೆಂಟು ಇಳಿಯುವ ಅವಘಡಗಳಲ್ಲಿ ಅದಕ್ಕಿಂತ ಒಳ್ಳೆಯ ಕಾವಲು ಮನೆಯಲ್ಲಿ ಬೇರೊಂದಿಲ್ಲ. ನೀರು ಮುಟ್ಟುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗಿಗೆಂದೇ ಇರುವ ದಪ್ಪ ಪಿನ್ನನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ.