ಎರಡು ಬೀಗಗಳ ಕಗ್ಗಂಟು

ಒಂದು ಕಪಾಟಿಗೆ ಎರಡು ಬೀಗ. ಒಂದು ಬೀಗದಕೈ ಒಬ್ಬ ಗುಮಾಸ್ತನಲ್ಲಿ, ಇನ್ನೊಂದು ಮತ್ತೊಬ್ಬನಲ್ಲಿ. ಇಬ್ಬರಿಗೂ ಎರಡೂ ಬೇಕು. ಕೈಯಲ್ಲಿರುವುದನ್ನು ಬಿಡಲು ಯಾರೂ ಸಿದ್ಧರಿಲ್ಲ. ತಪ್ಪು ಯಾರದೂ ಅಲ್ಲ, ಕೆಲಸ ಮಾತ್ರ ನಿಂತಿತು. ಗಣಕಯಂತ್ರಗಳಲ್ಲಿ ಇದನ್ನೇ ಡೆಡ್‌ಲಾಕ್ ಎನ್ನುತ್ತಾರೆ.

ಹಾಲೆಂಡಿನ ಡೈಕ್‌ಸ್ಟ್ರಾ 1965ರಲ್ಲಿಯೇ ಇದನ್ನು ಮಾರಕ ಆಲಿಂಗನವೆಂದು ಕರೆದರು. ಇದು ಸಂಭವಿಸಲು ನಾಲ್ಕು ಷರತ್ತುಗಳು ಕೂಡಿಬರಬೇಕೆಂದು 1971ರಲ್ಲಿ ಕಾಫ್‌ಮನ್ ಮತ್ತು ಸಂಗಡಿಗರು ವಿವರಿಸಿದರು. ಒಂದು ತಪ್ಪಿದರೂ ಗಂಟು ಬೀಳದು.

1980ರ ದಶಕದಲ್ಲಿ ಅಮೆರಿಕದ ಸನ್ ಕಂಪನಿಯು ಎನ್‌ಎಫ್‌ಎಸ್ ವ್ಯವಸ್ಥೆಯನ್ನು ತಂದಿತು. ದೂರದ ಯಂತ್ರದ ಕಡತವನ್ನು ತನ್ನದೇ ಎಂಬಂತೆ ಬಳಸುವ ಸೌಕರ್ಯವಿದು. 1991ರಲ್ಲಿ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿಯೂ ಇದು ಸೇರಿತು. ಜೊತೆಗೆ ಕಗ್ಗಂಟೂ ಬಂದಿತು. ಕಡತವನ್ನು ನೆನಪಿನ ನಕ್ಷೆಗೆ ಜೋಡಿಸುವಾಗ ಮೊದಲು ನಕ್ಷೆಯ ಬೀಗ. ಹಳೆಯ ಪ್ರತಿಯನ್ನು ತೆಗೆದುಹಾಕಲು ಆಮೇಲೆ ಕಡತದ ಬೀಗ. ಕಡತಕ್ಕೆ ಬರೆಯುವಾಗಲೋ ಮೊದಲು ಕಡತದ ಬೀಗ. ಬರೆಯಬೇಕಾದ ಪುಟ ನೆನಪಿನಲ್ಲಿಲ್ಲದಿದ್ದರೆ ಆಮೇಲೆ ನಕ್ಷೆಯದು. ಎರಡೂ ಎದುರಾದರೆ ಕಥೆ ಮುಗಿಯಿತು.

ಇಂಥ ದೋಷ ದಿನವೂ ತಲೆದೋರದು; ಹಾಗಾಗಿಯೇ ಹಿಡಿಯುವುದು ಕಷ್ಟ. 2006ರಲ್ಲಿ ಇಂಗೋ ಮೋಲ್ನಾರ್ ಅವರ ಲಾಕ್‌ಡೆಪ್ ಲಿನಕ್ಸ್‌ಗೆ ಸೇರಿತು. ಅದು ಬೀಗ ಹಾಕಿದ ಕ್ರಮವನ್ನು ಬರೆದಿಟ್ಟುಕೊಂಡು, ಕ್ರಮ ತಲೆಕೆಳಗಾದರೆ ಯಂತ್ರ ನಿಲ್ಲುವ ಮೊದಲೇ ಎಚ್ಚರಿಸುತ್ತದೆ. ಎನ್‌ಎಫ್‌ಎಸ್‌ಗೆ ಸಿಕ್ಕ ಪರಿಹಾರವೂ ಸರಳ: ನಕ್ಷೆಗೆ ಜೋಡಿಸುವಾಗ ಕಡತದ ಬೀಗವನ್ನು ಮುಟ್ಟದಿರುವುದು.

ಕಾಯುವ ಇಬ್ಬರಲ್ಲಿ ಯಾರನ್ನು ಗದರಿಸಿದರೂ ಗಂಟು ಬಿಚ್ಚದು. ಬಿಚ್ಚುವುದು ಕ್ರಮವನ್ನು ಸರಿಪಡಿಸಿದಾಗಲೇ ಎಂಬುದನ್ನು ನಾವು ಈ ಇತಿಹಾಸದಿಂದ ಕಲಿಯಬಹುದು.