ಅರ್ಜಿ ಬರೆಯುವವರು ಕೇಳುತ್ತಿದ್ದ ಪ್ರಶ್ನೆ

ಒಬ್ಬರ ಮಾತನ್ನು ಇನ್ನೊಬ್ಬರು ಬರೆದುಕೊಡುವುದು ನಮ್ಮ ಸೀಮೆಗೆ ಹೊಸದಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋದರೆ ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಇಲ್ಲಿ ದೇವಾಲಯ ಕಟ್ಟಿಸಿದ. ಶಾಸನದ ಪದ್ಯಗಳನ್ನು ರಚಿಸಿದವನು ಕವಿ ಜನ್ನ. ಕಟ್ಟಿಸಿದವನೊಬ್ಬ, ಬರೆದವನೊಬ್ಬ. ಎಂಟುನೂರು ವರ್ಷ ಕಳೆದರೂ ಯಾರ ಕೆಲಸ ಯಾರದ್ದೆಂದು ನಮಗೆ ತಿಳಿಯುತ್ತದೆ.

ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರೆಂದು ಹೆಸರಾಗಿದೆ. ಅವನ ಜೈಮಿನಿ ಭಾರತವನ್ನು ಓದು ಬಾರದವರೂ ಕೇಳಿಯೇ ಕಲಿತರು. ಗಮಕದಲ್ಲಿ ವಾಚಿಸುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಅರ್ಥ ಹೇಳುವವರು ಎದುರಿಗೆ ಕೂತವರಿಗೆ ತಿಳಿಯುವಂತೆ ತಮ್ಮದೇ ಮಾತಿನಲ್ಲಿ ಬಿಡಿಸಿ ಹೇಳಬೇಕಿತ್ತು. ಬಾಯಿಪಾಠವಷ್ಟೇ ಸಾಲುತ್ತಿರಲಿಲ್ಲ.

ಆಮೇಲೆ ಬಂದವರು ತಾಲ್ಲೂಕು ಕಚೇರಿ ಎದುರು ಕೂರುವ ಅರ್ಜಿ ಬರೆಯುವವರು. ಪೌತಿ ಖಾತೆಗೆಂದು ಬಂದ ರೈತನನ್ನು ಅವರು ಮೊದಲು ಪ್ರಶ್ನೆ ಕೇಳುತ್ತಾರೆ: ಜಮೀನು ಯಾರ ಹೆಸರಲ್ಲಿತ್ತು? ಅಣ್ಣ ತಮ್ಮಂದಿರು ಎಷ್ಟು ಜನ? ಪಹಣಿ ತಂದಿದ್ದೀರಾ? ಉತ್ತರ ಹೇಳುತ್ತಾ ಹೇಳುತ್ತಾ ರೈತನಿಗೇ ತನ್ನ ತಕರಾರು ಏನೆಂದು ಸ್ಪಷ್ಟವಾಗುತ್ತದೆ. ಅಕ್ಷರ ಬರೆದವರದ್ದು, ಸಂಗತಿ ರೈತನದ್ದು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಇದೂ ಬರೆದುಕೊಡುತ್ತದೆ. ಆದರೆ ನಾವು ಕೇಳದಿದ್ದರೆ ಅದು ಸಾಮಾನ್ಯವಾಗಿ ಪ್ರಶ್ನೆ ಹಾಕುವುದಿಲ್ಲ. ಎರಡು ಪದ ಕೊಟ್ಟರೆ ಎರಡು ಪುಟ ತುಂಬಿಸುತ್ತದೆ. ಸಂಗತಿಯನ್ನೂ ತಾನೇ ಹಾಕುತ್ತದೆ.

ನಾವೂ ಇದಕ್ಕೆ ಹೊರತಲ್ಲ. ಸಂಜೆ ಸುದ್ದಿ ಕಳಿಸುವ ಅವಸರದಲ್ಲಿ ಅಮೃತಾಪುರದ ಬಗ್ಗೆ ಒಂದು ಬರಹ ಅದರಿಂದಲೇ ಬರೆಸಿದೆವು. ‘ಶಿಲ್ಪಕಲೆಯ ಅದ್ಭುತ’, ‘ಕಣ್ಮನ ಸೆಳೆಯುವ ತಾಣ’ ಎಂದೆಲ್ಲ ಇತ್ತು. ತಪ್ಪೇನಿರಲಿಲ್ಲ. ಊರಿನ ಹೆಸರು ತೆಗೆದು ಬೇಲೂರು ಎಂದು ಹಾಕಿದರೂ ನಡೆಯುತ್ತಿತ್ತು. ಜನ್ನನ ಹೆಸರೇ ಇರಲಿಲ್ಲ. ಕಳಿಸಲು ನಾಚಿಕೆಯಾಯಿತು.

ಅಜ್ಜಂಪುರದ ಕಡೆಯ ಮೇಷ್ಟ್ರೊಬ್ಬರು ಹತ್ತನೇ ತರಗತಿಯವರ ‘ನನ್ನ ಊರು’ ಪ್ರಬಂಧಗಳನ್ನು ನಮಗೆ ತೋರಿಸಿದರು. ಐದಾರು ಒಂದೇ ಅಚ್ಚಿನಲ್ಲಿದ್ದವು: ಹಸಿರು ಹೊಲ, ತಂಪು ಗಾಳಿ, ಮುಗ್ಧ ಜನ. ಅಮೃತಮಹಲ್ ದನಗಳಿಗೆ ಹೆಸರಾದ ಊರಿನ ಮಕ್ಕಳ ಬರಹದಲ್ಲಿ ಒಂದು ದನವೂ ಇರಲಿಲ್ಲ.

ಮೇಷ್ಟ್ರು ಬೈಯಲಿಲ್ಲ. ಒಬ್ಬೊಬ್ಬರನ್ನೇ ಕರೆದು, ಅರ್ಜಿ ಬರೆಯುವವರ ಹಾಗೆ ಕೇಳಿದರು: ನಿಮ್ಮ ಮನೆಯ ಮುಂದೆ ಏನಿದೆ? ಕಾವಲಿನಲ್ಲಿ ದನ ಮೇಯುವುದನ್ನು ನೋಡಿದ್ದೀಯಾ? ನಿಮ್ಮ ತಾತ ಅದರ ಬಗ್ಗೆ ಏನು ಹೇಳುತ್ತಾರೆ? ಉತ್ತರಗಳನ್ನು ಬರೆದುಕೊಂಡು ಬಾ ಎಂದರು.

ಮರುದಿನ ಬಂದ ಪ್ರಬಂಧಗಳಲ್ಲಿ ಕಾಗುಣಿತದ ತಪ್ಪು ಬೇಕಾದಷ್ಟಿತ್ತು. ಆದರೆ ಯಾವುದು ಯಾರದ್ದೆಂದು ಹೆಸರು ನೋಡದೆಯೇ ಮೇಷ್ಟ್ರು ಹೇಳುತ್ತಿದ್ದರು. ನಾವೂ ವಾಪಸು ಬರುವಾಗ ಅಮೃತಾಪುರದ ಶಾಸನದ ಮುಂದೆ ನಿಂತು, ಮತ್ತೊಮ್ಮೆ ಟಿಪ್ಪಣಿ ಮಾಡಿಕೊಂಡೆವು.