ಉಂಗುರದ ವಾರಸುದಾರರು

ನಮ್ಮ ಮನೆಗಳಲ್ಲಿ ಹಿರಿಯರು ತೀರಿಕೊಂಡಾಗ ಹಂಚಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಅಜ್ಜನ ತಸ್ಬೀಹ್, ಅಜ್ಜಿಯ ಪಾನ್‌ದಾನ್, ಇದ್ದರೆ ಒಂದು ಉಂಗುರ. ಆ ಉಂಗುರ ಯಾರ ಬೆರಳು ಸೇರಬೇಕೆಂಬ ವಿಷಯಕ್ಕೆ ಅಣ್ಣತಮ್ಮಂದಿರ ಮಾತು ನಿಂತುಹೋದದ್ದನ್ನೂ ನಾವು ಕಂಡಿದ್ದೇವೆ. ಸೈನಿಕರ ಮನೆಗಳಲ್ಲಿ ಈ ಮಮತೆ ಇನ್ನೂ ಹೆಚ್ಚು. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ 1835ರಿಂದ ತರಗತಿಯ ಉಂಗುರ ತೊಡುವ ಪದ್ಧತಿಯಿದೆ. ಅಂಥ ಉಂಗುರಗಳು ಮಕ್ಕಳಿಗೆ, ಮೊಮ್ಮಕ್ಕಳಿಗೆ ಬರುತ್ತವೆ.

ನಮ್ಮ ನಾಡಿನಿಂದ ಹೋದ ಒಂದು ಉಂಗುರವೂ ಹೀಗೆಯೇ ಪರದೇಶದ ಸೈನಿಕ ಮನೆತನವೊಂದರ ಆಸ್ತಿಯಾಗಿ ಉಳಿದಿತ್ತು. 2014ರ ಮೇ ತಿಂಗಳಲ್ಲಿ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆ ರ‍್ಯಾಗ್ಲನ್ ಮನೆತನದ ಸಂಗ್ರಹವನ್ನು ಹರಾಜಿಗಿಟ್ಟಿತು. ಅದರಲ್ಲಿ 41.2 ಗ್ರಾಂ ತೂಕದ ಚಿನ್ನದ ಉಂಗುರವೊಂದಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಹುತಾತ್ಮನಾದ ಟಿಪ್ಪು ಸುಲ್ತಾನನ ದೇಹದಿಂದ ತೆಗೆದದ್ದು ಎಂದು ಹೇಳಲಾದ ಆ ಉಂಗುರ 1,45,000 ಪೌಂಡಿಗೆ, ಅಂದರೆ ಸುಮಾರು 1 ಕೋಟಿ 40 ಲಕ್ಷ ರೂಪಾಯಿಗೆ ಮಾರಾಟವಾಯಿತು. ಮನೆತನದ ಮೂಲಪುರುಷ ಮೊದಲನೆಯ ಲಾರ್ಡ್ ರ‍್ಯಾಗ್ಲನ್ ವಾಟರ್ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡವನು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯ ಅಣ್ಣನ ಮಗಳನ್ನು ಮದುವೆಯಾದವನು.

ಗೆದ್ದವರಿಗೆ ಕಂಪನಿಯು ಪದಕಗಳನ್ನೂ ಕೊಟ್ಟಿತು. ಹುದ್ದೆಗೆ ತಕ್ಕ ಲೋಹ: ಮೇಲಿನವರಿಗೆ ಚಿನ್ನ, ಸಾಮಾನ್ಯ ಸಿಪಾಯಿಗೆ ತವರ. ಪದಕದ ಮೇಲೆ ಬ್ರಿಟಿಷ್ ಸಿಂಹ ಮೈಸೂರಿನ ಹುಲಿಯನ್ನು ಕೆಡವುವ ಚಿತ್ರ. ಅದರ ಮೇಲ್ಗಡೆ ಅರಬಿಯಲ್ಲಿ 'ಅಸದುಲ್ಲಾಹಿಲ್ ಗಾಲಿಬ್', ದೇವರ ಸಿಂಹವೇ ವಿಜಯಿ. ಇದು ಹಜ್ರತ್ ಅಲಿಯವರನ್ನು ನೆನೆಯುವ ಮಾತು, ಸುಲ್ತಾನನಿಗೆ ಪ್ರಿಯವಾದದ್ದು. ಸೋತವನ ಪ್ರಾರ್ಥನೆಯನ್ನೂ ಗೆದ್ದವರು ತಮ್ಮ ಪದಕಕ್ಕೆ ಕೆತ್ತಿಕೊಂಡರು.

ಉಂಗುರದ ಮೇಲೆ ದೇವನಾಗರಿಯಲ್ಲಿ 'ರಾಮ' ಎಂದಿದೆ. ಈ ಒಂದು ಹೆಸರನ್ನೇ ಹಿಡಿದು ಸುಲ್ತಾನನನ್ನು ಸಮರ್ಥಿಸುವವರಿದ್ದಾರೆ. ಉಂಗುರವೇ ಸುಳ್ಳೆಂದು ಜಗಳವಾಡುವವರೂ ಇದ್ದಾರೆ. ಒಬ್ಬ ಅರಸನ ಗುಣವನ್ನು ಒಂದು ಉಂಗುರದಿಂದ ಅಳೆಯುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಶೃಂಗೇರಿಯಲ್ಲಿದೆ. 1791ರಲ್ಲಿ ಮರಾಠಾ ಸೈನಿಕರು ಮಠವನ್ನು ಲೂಟಿ ಮಾಡಿದಾಗ ಸುಲ್ತಾನ ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಹಾಗೆಂದು ಆ ಪತ್ರಗಳು ಕೊಡಗಿನ, ಮಲಬಾರಿನ ನೋವನ್ನು ಅಳಿಸಿಹಾಕಲಾರವು. ಎರಡನ್ನೂ ಒಟ್ಟಿಗೆ ಓದುವ ಧೈರ್ಯ ನಮಗಿರಬೇಕು.

ಸತ್ತವನ ಸ್ವತ್ತು ಅವನ ವಾರಸುದಾರರದ್ದೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಸುಲ್ತಾನನ ಮಕ್ಕಳನ್ನು ಮೊದಲು ವೆಲ್ಲೂರಿಗೆ, 1806ರ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಿದರು. ತಂದೆಯ ಗೋರಿ ಒಂದು ಕಡೆ, ಮಕ್ಕಳ ಬದುಕು ಇನ್ನೊಂದು ಕಡೆ. ತಂದೆಯ ಉಂಗುರ ಕೇಳಲು ಅವರು ಯಾವ ಕಚೇರಿಗೆ ಹೋಗಬೇಕಿತ್ತು?

ಚಾಮರಾಜಪೇಟೆಯ ಕಡೆಯಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗುವಾಗ ನಾವು ಕೆಲವು ಸಲ ಸುಲ್ತಾನನ ಬೇಸಿಗೆ ಅರಮನೆಯೊಳಗೆ ಕೂರುತ್ತೇವೆ. ಹೈದರ್ ಅಲಿ ಆರಂಭಿಸಿದ ಆ ಮರದ ಕಟ್ಟಡವನ್ನು ಟಿಪ್ಪು 1791ರಲ್ಲಿ ಮುಗಿಸಿದ. ಸ್ವರ್ಗಕ್ಕೂ ಅಸೂಯೆ ಹುಟ್ಟಿಸುವಂಥದ್ದು, 'ರಶ್ಕ್-ಎ-ಜನ್ನತ್', ಎಂದು ಅದನ್ನು ಕರೆದರು. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ. ಅರಮನೆಯ ಕಂಬಕ್ಕೆ ಒರಗಿದರೆ ಅಲ್ಲಿನ ಗಂಟೆ ಕೇಳಿಸುತ್ತದೆ. ಅರಮನೆ ಕಟ್ಟಿದ ಕಾಲದಲ್ಲೂ ಕೇಳಿಸುತ್ತಿತ್ತು. ಉಂಗುರ ಯಾರದೋ ತಿಜೋರಿಯಲ್ಲಿರಲಿ. ಈ ನೆರೆಹೊರೆ ಮಾತ್ರ ಹರಾಜಿಗೆ ಹೋಗಿಲ್ಲ. ಅದನ್ನು ಮಕ್ಕಳ ಕೈಗೆ ಒಪ್ಪಿಸುವ ಹೊಣೆ ನಮ್ಮದು, ಈ ಊರಿನ ಎಲ್ಲರದ್ದು.